ಹುಲ್ಲು ಬಿಟ್ಟ ಮಾತ್ರಕ್ಕೆ ತೋಟವಲ್ಲ: ಟೊರಾಂಟೊದಲ್ಲಿ ಹೊಸದಾಗಿ ಮನೆ ಮಾಡಿದವರಿಗೆ

ಟೊರಾಂಟೊದಲ್ಲಿ ಮನೆ ಕೊಂಡ ಮೊದಲ ಬೇಸಿಗೆಯಲ್ಲೇ ನಮ್ಮವರೆಲ್ಲ ಹುಲ್ಲು ಕತ್ತರಿಸುವ ಮಷೀನು ತರುತ್ತಾರೆ. ನಾನು ತರಲಿಲ್ಲ. ಎರಡು ಬೀದಿ ಆಚೆ ಒಂದು ಮನೆ ಮುಂದೆ ಎದೆಯುದ್ದ ಹೂಗಿಡ, ಅದರ ತುಂಬ ಜೇನುನೊಣ ನೋಡಿದ್ದೆ. ಅದಕ್ಕೆ ನ್ಯಾಚುರಲ್ ಗಾರ್ಡನ್ ಅನ್ನುತ್ತಾರಂತೆ. ನ್ಯಾಚುರಲ್ ಅಂದರೆ ಏನೂ ಮಾಡದೆ ಬಿಡುವುದು ಅಲ್ವಾ? ಬಿಟ್ಟೆ. ಜೂನ್ ಮುಗಿಯುವ ಮೊದಲೇ ಮನೆಗೆ ನೋಟಿಸ್ ಬಂತು.

ನೋಟಿಸ್ ಎಂಬ ಪದಕ್ಕೇ ನಮ್ಮ ಎದೆ ಝಲ್ ಅನ್ನುತ್ತದೆ. ಆ ರಾತ್ರಿ ನಿದ್ದೆ ಇಲ್ಲ. ಪಕ್ಕದ ಮನೆಯವರೇ ನಗರಸಭೆಯ ದೂರಿನ ನಂಬರು 311ಕ್ಕೆ ಫೋನ್ ಮಾಡಿದ್ದಾರೆ ಎಂದು ನಾನೇ ತೀರ್ಮಾನ ಮಾಡಿ, ಒಂದು ವಾರ ಅವರ ಮುಖ ನೋಡಲಿಲ್ಲ. ಆಮೇಲೆ ಕಾಗದವನ್ನು ಪೂರ್ತಿ ಓದಿದೆ, ತಪ್ಪು ನನ್ನದೇ. ಮೊದಲ ದಿನವೇ ಓದಿದ್ದರೆ ಒಬ್ಬ ಒಳ್ಳೆಯ ನೆರೆಯವರ ಜೊತೆ ಮುನಿಸು ತಪ್ಪುತ್ತಿತ್ತು.

ಇಲ್ಲಿನ ಬೈಲಾದ ತಿರುಳು ಎರಡೇ ಮಾತು. ಲಾನಿನ ಹುಲ್ಲು 20 ಸೆಂ.ಮೀ. ದಾಟಬಾರದು, ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ. ಇನ್ನೊಂದು, ನಿಷೇಧಿತ ಗಿಡಗಳ ಪಟ್ಟಿಯಲ್ಲಿರುವುದು ನಿಮ್ಮ ಜಾಗದಲ್ಲಿ ಬೆಳೆಯಬಾರದು. ಬೇರೆ ಹೂಗಿಡಗಳಿಗೆ ಈ ಗೇಣಿನ ಲೆಕ್ಕ ಇಲ್ಲ. ಇದು ಸುಲಭಕ್ಕೆ ಸಿಕ್ಕಿದ್ದಲ್ಲ. 1996ರಲ್ಲಿ ಇಲ್ಲಿನ ಒಬ್ಬ ಮಹಿಳೆ ತಮ್ಮ ಕಾಡುಹೂವಿನ ಅಂಗಳಕ್ಕೆ ಬಿದ್ದ ದಂಡದ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದರು. ಅಂಗಳವನ್ನು ಹೀಗೆ ಬೆಳೆಸುವುದೂ ಅಭಿವ್ಯಕ್ತಿ ಸ್ವಾತಂತ್ರ್ಯವೇ ಎಂದು ಕೋರ್ಟು ಒಪ್ಪಿತು. ಆದರೂ ಮುಂದೆ ಬಹಳ ಕಾಲ ಇಂಥ ತೋಟಕ್ಕೆ ವಿನಾಯಿತಿ ಕೇಳಬೇಕಿತ್ತು. 2021ರಲ್ಲಿ ನಗರ ಕೌನ್ಸಿಲ್ ಆ ಕಟ್ಟುಪಾಡನ್ನೂ ತೆಗೆಯಿತು.

ನನ್ನ ಅಂಗಳದಲ್ಲಿ ಇದ್ದದ್ದು ಬರೀ ಲಾನ್ ಹುಲ್ಲು, ಮೊಣಕಾಲುದ್ದ. ಅದು ತೋಟವಲ್ಲ, ಸೋಮಾರಿತನ. ಹುಲ್ಲನ್ನು ಕಿತ್ತು, ಮಣ್ಣು ಹದ ಮಾಡಿ, ಈ ನೆಲದ ಗಿಡ ನೆಟ್ಟರೆ ಮಾತ್ರ ತೋಟ. ಅಂಚಿಗೆ ಒಂದು ಸಾಲು ಕಲ್ಲು ಇಡಿ, ಕಾಲುದಾರಿಗೆ ಬಾಗಿದ್ದನ್ನು ಕತ್ತರಿಸಿ. ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಕಂಡರೆ ಅರ್ಧ ತಂಟೆ ಬರುವುದೇ ಇಲ್ಲ. ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕುತ್ತಿದ್ದ ಮನೆಯಿಂದ ಬಂದವಳಿಗೆ ಇದನ್ನು ಬೇರೆಯವರು ಹೇಳಬೇಕಾಯಿತು ನೋಡಿ.

ಎರಡನೇ ತಪ್ಪು ಹೇಳಲು ಇನ್ನೂ ನಾಚಿಕೆ. ನಾನು ಕೋಲಾರದ ಕಡೆಯವಳು. ಬೆರಕೆ ಸೊಪ್ಪು ತಿಂದು ಬೆಳೆದವಳು. ಬೇಲಿ ಬದಿಯಲ್ಲಿ ಒಂದು ಎಲೆ ಹಿಸುಕಿದರೆ ಬೆಳ್ಳುಳ್ಳಿ ವಾಸನೆ! ಖುಷಿಯಾಗಿ ಪಲ್ಯ ಮಾಡಿದೆ. ಸಾಲದು ಎಂದು ಬೀಜ ಒಣಗಿಸಿ ಹಿತ್ತಲ ತುಂಬ ಚೆಲ್ಲಿದೆ. ಅದು ಗಾರ್ಲಿಕ್ ಮಸ್ಟರ್ಡ್, ನಿಷೇಧಿತ ಪಟ್ಟಿಯ ಗಿಡ. ಮೊದಲ ವರ್ಷ ನೆಲಕ್ಕೆ ಅಂಟಿಕೊಂಡು ಸಾಧುವಾಗಿ ಇರುತ್ತದೆ, ಎರಡನೇ ವರ್ಷ ನಾಲ್ಕೆಸಳಿನ ಬಿಳಿ ಹೂ ಬಿಟ್ಟು ಊರೆಲ್ಲ ಹರಡುತ್ತದೆ. ಔಷಧಿ ಹೊಡೆಯೋಣ ಎಂದರೆ, 2009ರಿಂದ ಒಂಟಾರಿಯೊ ಪ್ರಾಂತ್ಯದಲ್ಲಿ ಅಂಗಳದ ಅಂದಕ್ಕಾಗಿ ಹೆಚ್ಚಿನ ರಾಸಾಯನಿಕ ಕಳೆನಾಶಕಗಳನ್ನು ಹೊಡೆಯುವಂತಿಲ್ಲ. ಕಾಯಿ ಕಟ್ಟುವ ಮೊದಲೇ ಬೇರು ಸಮೇತ ಕೈಯಲ್ಲಿ ಕೀಳಬೇಕು. ಮನೆಯ ಗೊಬ್ಬರದ ಗುಂಡಿಗೆ ಹಾಕಬೇಡಿ. ಐದು ಮೇ ತಿಂಗಳು ಬಗ್ಗಿ ಕಿತ್ತಿದ್ದೇನೆ. ಸೊಂಟಕ್ಕೆ ಆ ಪಲ್ಯದ ರುಚಿ ಇನ್ನೂ ನೆನಪಿದೆ.

ಹೆಸರು ಗೊತ್ತಿಲ್ಲದ್ದೇ ಇಷ್ಟಕ್ಕೆಲ್ಲ ಮೂಲ. ಅಮ್ಮ ಬದುವಿನ ಮೇಲೆ ನಡೆಯುತ್ತಾ ಕಾಲಿಗೆ ತಾಕಿದ ಪ್ರತಿ ಗಿಡಕ್ಕೂ ಒಂದು ಹೆಸರು, ಒಂದು ಉಪಯೋಗ ಹೇಳುತ್ತಿದ್ದಳು. ನಾನು ಇಲ್ಲಿ ಹನ್ನೆರಡು ವರ್ಷ ಇದ್ದೂ ಮೇಪಲ್ ಬಿಟ್ಟು ಇನ್ನೊಂದನ್ನು ಗುರುತಿಸುತ್ತಿರಲಿಲ್ಲ. ಕಣ್ಣು ತುರಿಸಿದರೆ ಹಳದಿ ಹೂವಿನ ಗೋಲ್ಡನ್‌ರಾಡ್ ಮೇಲೆ ಸಿಟ್ಟು. ಪಾಪ, ಅದರದ್ದೇನೂ ತಪ್ಪಿಲ್ಲ. ಅದೇ ಕಾಲಕ್ಕೆ ಪಕ್ಕದಲ್ಲಿ ಸದ್ದಿಲ್ಲದೆ ಪರಾಗ ಉದುರಿಸುವ ರ‍್ಯಾಗ್‌ವೀಡ್ ಕಳ್ಳ. ನಮ್ಮ ಕಾಂಗ್ರೆಸ್ ಗಿಡದ ಹತ್ತಿರದ ನೆಂಟ ಅದು, ಗುರುತು ಹಿಡಿಯುವುದು ನಿಮಗೆ ಕಷ್ಟವಾಗದು. ಸಿಕ್ಕರೆ ಕಿತ್ತುಬಿಡಿ.

ಕಿತ್ತಿದ್ದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಡಾಗ್ ಸ್ಟ್ರ್ಯಾಂಗ್ಲಿಂಗ್ ವೈನ್ ಎಂಬ ಬಳ್ಳಿ. ಅದು ಮಿಲ್ಕ್‌ವೀಡ್‌ನ ಕುಟುಂಬದ್ದೇ. ಮೊನಾರ್ಕ್ ಚಿಟ್ಟೆಯ ಮರಿಹುಳ ಮಿಲ್ಕ್‌ವೀಡ್ ಎಲೆ ಬಿಟ್ಟು ಬೇರೇನೂ ತಿಂದು ಬದುಕುವುದಿಲ್ಲ. ಆದರೆ ತಾಯಿ ಚಿಟ್ಟೆ ಕೆಲವೊಮ್ಮೆ ಮೋಸಹೋಗಿ ಈ ಬಳ್ಳಿಯ ಮೇಲೆ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿಗಳು ಸಾಯುತ್ತವೆ. ಮಗಳು ಇದನ್ನು ಶಾಲೆಯಲ್ಲಿ ಕಲಿತು ಬಂದು ಊಟದ ಹೊತ್ತಿಗೆ ಹೇಳಿದಳು, ಇಂಗ್ಲಿಷಿನಲ್ಲಿ. ನಾನು ಅನ್ನ ಕಲಸುತ್ತಾ ಸ್ವಲ್ಪ ಹೊತ್ತು ಸುಮ್ಮನಾದೆ. ಒಳ್ಳೆಯ ಜಾಗ ಎಂದುಕೊಂಡೇ ನಾವೂ ಬಂದದ್ದು ತಾನೇ.

ಇನ್ನು ಕಾಗದಪತ್ರ. ಆಳವಾಗಿ ಅಗೆಯುವ ಮುಂಚೆ ಒಂಟಾರಿಯೊ ಒನ್ ಕಾಲ್‌ಗೆ ತಿಳಿಸಿ, ಗ್ಯಾಸ್ ಮತ್ತು ಕರೆಂಟ್ ಲೈನ್ ಗುರುತು ಮಾಡಿಕೊಡುತ್ತಾರೆ, ದುಡ್ಡಿಲ್ಲ. ನೆಲದಿಂದ 1.4 ಮೀಟರ್ ಎತ್ತರದಲ್ಲಿ 30 ಸೆಂ.ಮೀ. ಅಥವಾ ಅದಕ್ಕೂ ದಪ್ಪ ಇರುವ ಮರ ನಿಮ್ಮ ಜಾಗದಲ್ಲೇ ಇದ್ದರೂ ಪರ್ಮಿಟ್ ಇಲ್ಲದೆ ಮುಟ್ಟಬೇಡಿ. ರಸ್ತೆ ಪಕ್ಕದ ಪಟ್ಟಿ ನಿಮ್ಮ ಲಾನಿನಂತೆ ಕಂಡರೂ ನಗರದ್ದು, ಅಲ್ಲಿ ಕಾರಿನವರ ಕಣ್ಣಿಗೆ ಅಡ್ಡ ಬರುವಷ್ಟು ಬೆಳೆಸಬೇಡಿ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರನ್ನು ಕೇಳಿ. ಮಿಸ್ಸಿಸಾಗಾ, ಬ್ರಾಂಪ್ಟನ್‌ನವರು ತಮ್ಮ ಊರಿನ ಬೈಲಾ ನೋಡಿಕೊಳ್ಳಿ.

ಮಿಲ್ಕ್‌ವೀಡ್ ಕೂಡ ಒಂದು ಕಾಲದಲ್ಲಿ ಒಂಟಾರಿಯೊದ ಕಳೆಗಳ ಪಟ್ಟಿಯಲ್ಲಿತ್ತು. 2014ರಲ್ಲಿ ತೆಗೆದರು. ನಾನು ಮೂರು ಬುಡ ನೆಟ್ಟೆ, ಈಗ ಬೇರಿನಲ್ಲೇ ಹಬ್ಬಿ ಮೂವತ್ತಾಗಿದೆ. ಜಾಗ ಕಡಿಮೆ ಇದ್ದರೆ ಸ್ವಾಂಪ್ ಮಿಲ್ಕ್‌ವೀಡ್ ನೆಡಿ, ಅದು ಹದ್ದುಬಸ್ತಿನಲ್ಲಿರುತ್ತದೆ.

ಹೋದ ಜುಲೈಯಲ್ಲಿ ಅಮ್ಮ ಬಂದಿದ್ದಳು. ಎಲೆ ಚಿವುಟಿ, ಒಸರಿದ ಹಾಲು ನೋಡಿ, "ಇದು ಎಕ್ಕದ ಜಾತಿ ಕಣೇ" ಅಂದಳು. ಪಟ್ಟೆಪಟ್ಟೆ ಹುಳ ಕಂಡು, "ನಮ್ಮ ಎಕ್ಕದ ಮೇಲೂ ಇಂಥವೇ ಇರುತ್ತಾವೆ." ಹಾಲು ಕಣ್ಣಿಗೆ ತಾಕಬಾರದು ಎಂದು ನಾನು ಹೇಳುವ ಮೊದಲೇ ನಲ್ಲಿಗೆ ಹೋಗಿ ಕೈ ತೊಳೆದಳು. ಹೊರಡುವ ಹಿಂದಿನ ದಿನ, ರಥಸಪ್ತಮಿ ಹೊತ್ತಿಗೆ ಇಲ್ಲಿ ಹಿಮ ಬಿದ್ದಿರುತ್ತದಲ್ಲ ಎಂದು ಏಳು ಎಲೆ ಕಿತ್ತು ಒಣಗಿಸಿ ಇಡಲು ಹೊರಟಳು. ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದಳು. ಐದನೆಯದಕ್ಕೆ ಅಜ್ಜಿಯ ಕೈ ಹಿಡಿದಳು.

"ಅಜ್ಜಿ, ಅದು ಬೇಡ. ಮೊಟ್ಟೆ ಇದೆ."