ಅಪ್ಪನ ನೀಲಿ ಪೆನ್ನಿಗೆ ಬೆಲೆ ಕಟ್ಟಿದ್ದು: ನನ್ನ ಅನುಭವ

ಕಳೆದ ಶ್ರಾವಣದಲ್ಲಿ ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಮನೆಯಿಂದ ನನಗೆ ಕರೆ ಬಂತು. ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ಆ ಮನೆಯ ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಮಕ್ಕಳಾದ ಅಣ್ಣ ತಂಗಿ ಇಬ್ಬರೂ ವಿಭಾಗ ಪತ್ರ ಬರೆಸುವುದಕ್ಕೆ ಮೊದಲು ಮನೆಯ ಒಡವೆ ವಸ್ತುಗಳ ಪಟ್ಟಿ ಮಾಡುತ್ತಿದ್ದರು. ನಿವೇಶನಕ್ಕೆ, ಬೆಳ್ಳಿ ಸಾಮಾನಿಗೆ, ಹಳೆಯ ತೇಗದ ಮೇಜಿಗೆ ಬೆಲೆ ಗೊತ್ತಾಗಿತ್ತು. ತಂದೆಯವರ ಒಂದು ಇಂಕ್ ಪೆನ್ನಿನ ವಿಚಾರದಲ್ಲಿ ಮಾತ್ರ ಒಮ್ಮತ ಬಂದಿರಲಿಲ್ಲ. ಮಂಡಿಪೇಟೆಯ ಬಂಗಾರದ ಅಂಗಡಿಯವರು ನಿಬ್ಬನ್ನು ನೋಡಿ ಕೆಲವು ಸಾವಿರ ಎಂದಿದ್ದರು. ಅಣ್ಣನ ಮಗನೋ ಅಂಥದೇ ಪೆನ್ನನ್ನು ಮಾರುವವರು ಯಾರೋ ಎರಡು ಲಕ್ಷ ಕೇಳಿದ್ದನ್ನು ಮೊಬೈಲಿನಲ್ಲಿ ತೋರಿಸಿದ್ದ. ಪೆನ್ನನ್ನು ತಂಗಿ ಇಟ್ಟುಕೊಳ್ಳಬೇಕೆಂದಿದ್ದರು. ಅವರ ಪಾಲಿನಿಂದ ಎಷ್ಟು ಕಳೆಯಬೇಕು ಎಂಬುದು ಇತ್ಯರ್ಥವಾಗಬೇಕಿತ್ತು.

ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾದವನು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಫೌಂಟನ್ ಪೆನ್ನುಗಳನ್ನು ಸಂಗ್ರಹಿಸುತ್ತಾ, ದುರಸ್ತಿ ಮಾಡುತ್ತಾ ಬಂದಿದ್ದೇನೆ. ಊರಿನಲ್ಲಿ ಹಳೆಯ ಪೆನ್ನು ಸಿಕ್ಕವರು ಹೆಚ್ಚಾಗಿ ರಾಜಮಹೇಂದ್ರಿಯ ರತ್ನಂ ಪೆನ್ನನ್ನೋ, ವಿಲ್ಸನ್ ಪೆನ್ನನ್ನೋ ತರುತ್ತಾರೆ. ಈ ಮನೆಯವರು ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟದ್ದು ಜರ್ಮನಿಯ ಪೆಲಿಕಾನ್ ಕಂಪನಿಯ ಎಂ 800 ಮಾದರಿಯ, ಒಳಗಿನ ಶಾಯಿ ಕಾಣುವಷ್ಟು ಪಾರದರ್ಶಕವಾದ ನೀಲಿ ಪೆನ್ನು. ‘ಬ್ಲೂ ಓಷನ್’ ಎಂಬ ಹೆಸರಿನಲ್ಲಿ 1993ರಲ್ಲಿ 5000 ಮಾತ್ರ ತಯಾರಾದ ಸೀಮಿತ ಆವೃತ್ತಿ ಅದು. ಯಜಮಾನರು ಜವಳಿ ಯಂತ್ರ ನೋಡಲು ಜರ್ಮನಿಗೆ ಹೋಗಿದ್ದಾಗ ಕೊಂಡು ತಂದದ್ದಂತೆ.

“ಸರ್, ಐದು ಸಾವಿರದಲ್ಲಿ ಒಂದು ಅಂದ ಮೇಲೆ ಬೆಲೆ ಜಾಸ್ತಿನೇ ಇರಬೇಕಲ್ಲ?” ಎಂದು ಅಣ್ಣ ಕೇಳಿದರು. ಪೆನ್ನು ತಂದವರೆಲ್ಲ ಮೊದಲು ಕೇಳುವ ಪ್ರಶ್ನೆಯೇ ಇದು. ಆದ್ದರಿಂದ ಪೆನ್ನನ್ನು ಕೈಗೆತ್ತಿಕೊಳ್ಳುವ ಮೊದಲು ಸಂಖ್ಯೆಯ ವಿಚಾರವನ್ನು ಅವರಿಗೆ ವಿವರಿಸಿದೆ.

ಸೀಮಿತ ಆವೃತ್ತಿಯ ಪೆನ್ನುಗಳಲ್ಲಿ ಬಹಳ ಹಿಂದಿನ ಪ್ರಸಿದ್ಧ ಉದಾಹರಣೆ ಎಂದರೆ ಪಾರ್ಕರ್ ಕಂಪನಿ 1965ರಲ್ಲಿ ಹೊರತಂದ, ಪಾರ್ಕರ್ 75 ಮಾದರಿಯ ಒಂದು ಆವೃತ್ತಿ. 1715ರಲ್ಲಿ ಫ್ಲಾರಿಡಾದ ತೀರದಲ್ಲಿ ಮುಳುಗಿದ ಸ್ಪೇನಿನ ಹಡಗುಗಳಿಂದ ಮೇಲೆತ್ತಿದ ಬೆಳ್ಳಿಯಲ್ಲಿ ಮಾಡಿದ ಆ ಪೆನ್ನುಗಳು ಒಟ್ಟು 4821. ಮೋಂಬ್ಲಾಂ ಕಂಪನಿಯವರು 1992ರಲ್ಲಿ ಕಲಾಪೋಷಕರ ಹೆಸರಿನ ಮಾಲೆಯನ್ನು ಆರಂಭಿಸಿದಾಗ ತಮ್ಮ ಹೆಸರಿನ ಪರ್ವತದ ಎತ್ತರವಾದ 4810 ಮೀಟರನ್ನೇ ಪೆನ್ನುಗಳ ಸಂಖ್ಯೆಯನ್ನಾಗಿ ಆರಿಸಿಕೊಂಡರು. ಅದೇ ವರ್ಷ ಅಮೆರಿಕದ ಲೇಖಕ ಹೆಮಿಂಗ್ವೇ ಹೆಸರಿನಲ್ಲಿ ಅವರು ತಂದ ಫೌಂಟನ್ ಪೆನ್ನುಗಳು 20,000. ಅಷ್ಟೊಂದು ಸಂಖ್ಯೆಯಲ್ಲಿದ್ದರೂ ಆ ಹೆಮಿಂಗ್ವೇ ಪೆನ್ನಿಗೆ ಈಗಲೂ ಇರುವ ಬೇಡಿಕೆ, ಕೇವಲ ಕೆಲವು ನೂರು ತಯಾರಾದ ಎಷ್ಟೋ ಪೆನ್ನುಗಳಿಗೆ ಇಲ್ಲ. ದಂಡಿ ಯಾತ್ರೆಯ 241 ಮೈಲಿಯ ಲೆಕ್ಕದಲ್ಲಿ 2009ರಲ್ಲಿ ಮೋಂಬ್ಲಾಂನವರದೇ 241 ಚಿನ್ನದ ಗಾಂಧಿ ಪೆನ್ನುಗಳೂ ಬಂದವು. ಅಲ್ಲಿ 241 ಎಂಬುದು ಕಂಪನಿ ಆರಿಸಿಕೊಂಡ ಅಂಕಿ, ಕೊಳ್ಳುವವರು ಎಷ್ಟು ಜನ ಎಂಬುದನ್ನು ಅದು ಹೇಳುವುದಿಲ್ಲ. ಎಷ್ಟು ತಯಾರಾದವು ಎಂಬುದರ ಪಕ್ಕದಲ್ಲಿ ಎಷ್ಟು ಜನ ಹುಡುಕುತ್ತಿದ್ದಾರೆ ಎಂಬುದನ್ನು ಇಟ್ಟು ನೋಡದೆ ನಾನು ಯಾವ ಪೆನ್ನಿಗೂ ಬೆಲೆ ಹೇಳುವುದಿಲ್ಲ. ‘ವಿಶೇಷ ಆವೃತ್ತಿ’ ಎಂದು ಬರೆದ ಪೆನ್ನುಗಳಿಗಂತೂ ಸಂಖ್ಯೆಯ ಮಿತಿಯೇ ಇರಬೇಕೆಂದಿಲ್ಲ. ಅವನ್ನು ಸೀಮಿತ ಆವೃತ್ತಿಯೆಂದು ತಿಳಿದು ಹೆಚ್ಚು ಹಣ ಕೊಟ್ಟವರನ್ನು ನಾನು ಕಂಡಿದ್ದೇನೆ.

ಬಂಗಾರದ ಲೆಕ್ಕವನ್ನು ಬೇಗ ಮುಗಿಸಿದೆ. ನಿಬ್ಬಿನ ಮೇಲೆ 750 ಎಂದಿತ್ತು. ಅಂದರೆ ಹದಿನೆಂಟು ಕ್ಯಾರೆಟ್, ತೂಕದ ನೂರಕ್ಕೆ ಎಪ್ಪತ್ತೈದು ಪಾಲು ಚಿನ್ನ. 585 ಎಂದಿದ್ದರೆ ಹದಿನಾಲ್ಕು ಕ್ಯಾರೆಟ್ ಆಗುತ್ತಿತ್ತು. ಈ ಗಾತ್ರದ ನಿಬ್ಬು ಒಂದು ಗ್ರಾಮಿನ ಆಸುಪಾಸು ತೂಗುತ್ತದೆ ಎಂದಿಟ್ಟುಕೊಂಡರೆ ಅದರಲ್ಲಿರುವ ಅಪರಂಜಿ ಮುಕ್ಕಾಲು ಗ್ರಾಂ. ಅಂಗಡಿಯವರು ಹೇಳಿದ್ದು ಅವರ ಲೆಕ್ಕದಲ್ಲಿ ಸರಿಯೇ ಇತ್ತು. ಆದರೆ ಕರಗಿಸುವವನ ಲೆಕ್ಕದಿಂದ ಪೆನ್ನಿನ ಬೆಲೆ ಸಿಗುವುದಿಲ್ಲ.

ಆಮೇಲೆ ಪೆನ್ನನ್ನು ನೋಡಲು ಕುಳಿತೆ. ಇದಕ್ಕೆ ನಾನು ಒಂದು ಗಂಟೆಗಿಂತ ಕಡಿಮೆ ಸಮಯ ತೆಗೆದುಕೊಂಡಿದ್ದೇ ಇಲ್ಲ. ಬೇಕಾದದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಅಕ್ಕಸಾಲಿಗರು ಬಳಸುವಂಥ ಭೂತಗನ್ನಡಿ, ಸಣ್ಣ ಟಾರ್ಚು, ಬಿಳಿಯ ಬಟ್ಟೆ ಮತ್ತು ಒಂದು ಲೋಟ ತಣ್ಣೀರು. ಮೊದಲು ಕ್ಯಾಪನ್ನು ತೆಗೆದು ಅದರ ಬಾಯಂಚಿಗೆ ಒಳಗಿನಿಂದ ಬೆಳಕು ಹಾಯಿಸಿ, ಕೂದಲೆಳೆಯಷ್ಟು ತೆಳುವಾದ ಬಿರುಕು ಇದೆಯೇ ಎಂದು ಸುತ್ತಲೂ ತಿರುಗಿಸಿ ನೋಡಿದೆ. ಬಿಗಿಯಾಗಿ ತಿರುಗಿಸಿ ಮುಚ್ಚುವ ಅಭ್ಯಾಸವಿದ್ದವರ ಪೆನ್ನಿನಲ್ಲಿ ಬಿರುಕು ಬರುವುದು ಅಲ್ಲಿಯೇ. ಈ ಪೆನ್ನಿನಲ್ಲಿ ಇರಲಿಲ್ಲ. ಪೆಲಿಕಾನ್ ಹಕ್ಕಿಯ ಕೊಕ್ಕಿನ ಆಕಾರದ ಕ್ಲಿಪ್ಪಿನ ತುದಿಯಲ್ಲಿ, ಜೇಬಿನ ಬಟ್ಟೆಗೆ ಉಜ್ಜಿ ಉಜ್ಜಿ, ಚಿನ್ನದ ಲೇಪ ಸ್ವಲ್ಪ ಸವೆದಿತ್ತು. ಅದನ್ನು ಪಾಲಿಶ್ ಮಾಡಿಸಿಕೊಡೋಣವೇ ಎಂದು ಅಣ್ಣ ಕೇಳಿದಾಗ ಖಂಡಿತ ಬೇಡವೆಂದೆ. ಲೇಪ ಇನ್ನಷ್ಟು ತೆಳುವಾಗುತ್ತದೆ, ಕೊರೆದ ಅಕ್ಷರಗಳ ಅಂಚು ಮೊಂಡಾಗುತ್ತದೆ, ಬಲ್ಲ ಗ್ರಾಹಕನು ಅದನ್ನು ಮೊದಲ ನೋಟದಲ್ಲೇ ಗುರುತಿಸಿ ಬೆಲೆ ಇಳಿಸುತ್ತಾನೆ.

ಪಾರದರ್ಶಕ ಪೆನ್ನಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಳಮೈ. ಟಾರ್ಚನ್ನು ಹಿಂದಿನಿಂದ ಹಿಡಿದಾಗ, ಶಾಯಿ ಎಳೆದುಕೊಳ್ಳುವ ಪಿಸ್ಟನ್ ಬಂದು ನಿಲ್ಲುವ ಜಾಗದಲ್ಲಿ ಒಂದು ನೇರಳೆ ಉಂಗುರ ಕಂಡಿತು. ನೀಲಿ ಪೆನ್ನಿನಲ್ಲಿ ನೇರಳೆ ಕಲೆ ಹೇಗೆ ಬಂತೆಂದು ಯೋಚಿಸುತ್ತಿದ್ದಾಗ ತಂಗಿಯೇ ಹೇಳಿದರು: “ಅಪ್ಪಾಜಿ ಲೆಕ್ಕದ ಪುಸ್ತಕ ತಾಳೆ ನೋಡೋವಾಗ ಕೆಂಪು ಇಂಕು ಹಾಕ್ಕೋತಿದ್ರು, ಸರ್.” ಕೆಂಪು ಶಾಯಿಯನ್ನು ತೊಳೆಯದೆ ನಮ್ಮೂರಿನ ಬೇಸಿಗೆಯಲ್ಲಿ ಹಾಗೆಯೇ ಬಿಟ್ಟರೆ ಅದು ಒಣಗಿ ಒಳಗೋಡೆಗೆ ಹಿಡಿಯುತ್ತದೆ. ಪಿಸ್ಟನ್ನನ್ನು ತಣ್ಣೀರಿನಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಆಡಿಸಿದೆ. ಸರಾಗವಾಗಿ ಓಡಿತು, ನೀರು ಹಿಂದಕ್ಕೆ ಜಿನುಗಲಿಲ್ಲ. ಹೀಗೆ ಪಿಸ್ಟನ್ನಿನಿಂದ ಶಾಯಿ ಎಳೆದುಕೊಳ್ಳುವ ಪೆನ್ನನ್ನು ಪೆಲಿಕಾನ್ ಕಂಪನಿ 1929ರಿಂದ ಮಾಡುತ್ತಿದೆ. ಅದಕ್ಕೆ ಆಧಾರವಾದ ಪೇಟೆಂಟು ಹಂಗೇರಿಯ ಎಂಜಿನಿಯರ್ ಥಿಯೋಡೋರ್ ಕೊವಾಚ್ ಅವರದು. ಮೂವತ್ತು ವರ್ಷದ ಮೇಲೂ ಅದು ಹೀಗೆ ಕೆಲಸ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಉಂಗುರದ ಬಣ್ಣ ಮಾತ್ರ ನೀರಿಗೆ ಬಿಡಲಿಲ್ಲ. ಬಿಸಿನೀರನ್ನಾಗಲಿ ಸ್ಪಿರಿಟನ್ನಾಗಲಿ ನಾನು ಬಳಸುವುದಿಲ್ಲ, ಏಕೆಂದರೆ ಬಿಸಿಗೆ ಮೈ ಸೊಟ್ಟಗಾಗುವ, ಸ್ಪಿರಿಟ್ಟಿಗೆ ಮಂಕಾಗುವ ಅಪಾಯವಿದೆ. ಬೆಲೆ ಕಟ್ಟಲು ಬಂದವನು ಕಲೆಯನ್ನು ಬರೆದಿಡಬೇಕು, ತೆಗೆಯಲು ಹೋಗಬಾರದು ಎಂಬುದು ನನ್ನ ನಿಯಮ.

ನಿಬ್ಬಿನ ಸೀಳಿನ ಎರಡು ಬದಿಯ ಕವಲುಗಳು ಒಂದೇ ಮಟ್ಟದಲ್ಲಿದ್ದವು. ತುದಿಯ ಗಟ್ಟಿ ಲೋಹದ ಗುಂಡು ಮಾತ್ರ ಎಡಗಡೆಗೆ ಓರೆಯಾಗಿ ಸವೆದಿತ್ತು. ವರ್ಷಗಟ್ಟಲೆ ಒಂದೇ ಕೈ ಒಂದೇ ಓರೆಯಲ್ಲಿ ಬರೆದಾಗ ಹಾಗೆ ಆಗುತ್ತದೆ. ಆ ಕೈಗೆ ಅದು ಬೆಣ್ಣೆಯಂತೆ ಓಡುತ್ತದೆ, ಬೇರೆಯವರಿಗೆ ಕಾಗದವನ್ನು ಕೆರೆಯುತ್ತದೆ. ಈ ಮಾದರಿಯಲ್ಲಿ ನಿಬ್ಬನ್ನು ಅದರ ಕೆಳಗೆ ಶಾಯಿ ಹರಿಸುವ ಫೀಡ್ ಸಮೇತ ತಿರುಗಿಸಿ ಹೊರತೆಗೆಯಬಹುದಾದ್ದರಿಂದ ಹೊಸ ನಿಬ್ಬು ಕೂರಿಸುವುದು ಕಷ್ಟವಲ್ಲ. ಆದರೆ ಮೂಲ ನಿಬ್ಬು ಜೊತೆಗಿಲ್ಲದಿದ್ದರೆ ಸಂಗ್ರಾಹಕರ ಕಣ್ಣಿನಲ್ಲಿ ಪೆನ್ನು ಅರ್ಧವಾದಂತೆ.

ಅಸಲಿತನವನ್ನು ಪರೀಕ್ಷಿಸುವ ವಿಚಾರದಲ್ಲಿ ನಾನೇ ಒಮ್ಮೆ ಮೋಸ ಹೋಗುವುದರಲ್ಲಿದ್ದೆ. ಹದಿನೈದು ವರ್ಷಗಳ ಹಿಂದೆ ಒಬ್ಬ ಮಾರಾಟಗಾರರು 1990ರ ಆಸುಪಾಸಿನದೆಂದು ಹೇಳಿ ಇದೇ ಎಂ 800 ಮಾದರಿಯ ಹಸಿರು ಪಟ್ಟೆಯ ಪೆನ್ನೊಂದನ್ನು ತೋರಿಸಿದರು. ಹಣ ಎಣಿಸಿಕೊಡುವ ಹೊತ್ತಿಗೆ ಕ್ಯಾಪಿನ ನೆತ್ತಿಯ ಮೇಲಿನ ಗುರುತು ಕಣ್ಣಿಗೆ ಬಿತ್ತು. ತಾಯಿ ಹಕ್ಕಿಯ ಜೊತೆಯಲ್ಲಿ ಒಂದೇ ಮರಿ ಇತ್ತು. ಕಂಪನಿಯ ಚಿಹ್ನೆಯಲ್ಲಿ ಎರಡು ಮರಿಗಳಿದ್ದು, ಅದು ಒಂದಾದದ್ದು 2003ರಲ್ಲಿ. ಅಂದರೆ ಒಂದೋ ಪೆನ್ನು ಆ ಕಾಲದ್ದಲ್ಲ, ಇಲ್ಲವೇ ಕ್ಯಾಪು ಬದಲಾಗಿದೆ. ಅಂದಿನಿಂದ ಪ್ರತಿಯೊಂದು ಭಾಗಕ್ಕೂ ಅದರದೇ ಕಾಲವಿದೆ ಎಂದುಕೊಂಡು ನಿಬ್ಬು, ಕ್ಯಾಪು, ಕ್ಲಿಪ್ಪು, ಮೈ ಇವನ್ನು ಬೇರೆ ಬೇರೆಯಾಗಿ ನೋಡುತ್ತೇನೆ. ನೀಲಿ ಪೆನ್ನಿನ ಭಾಗಗಳೆಲ್ಲ ಪರಸ್ಪರ ಹೊಂದುತ್ತಿದ್ದವು.

ಕಾಗದಪತ್ರಗಳೇನಾದರೂ ಇವೆಯೇ ಎಂದು ಕೇಳಿದಾಗ ಇಲ್ಲವೆಂದರು. ಹಳೆಯ ವ್ಯಾಪಾರಸ್ಥರು ಚೀಟಿ ಬಿಸಾಡುವವರಲ್ಲ ಎಂದು ನನಗೆ ಗೊತ್ತಿದ್ದುದರಿಂದ ಇನ್ನೊಮ್ಮೆ ಹುಡುಕಲು ಹೇಳಿ ಬಂದೆ. ಮೂರನೆಯ ದಿನ ತಂಗಿಯ ಫೋನು ಬಂತು. ಕಬ್ಬಿಣದ ಬೀರುವಿನಲ್ಲಿ, ವಿಮೆಯ ರಸೀದಿಗಳ ನಡುವೆ, ಸಂಖ್ಯೆ ನಮೂದಿಸಿದ ಪತ್ರ ಸಿಕ್ಕಿತ್ತು. ಪೆನ್ನಿನ ಮೇಲೆ ಕೊರೆದ ಸಂಖ್ಯೆಗೂ ಅದಕ್ಕೂ ತಾಳೆಯಾಯಿತು. ಪೆಟ್ಟಿಗೆ ಮಾತ್ರ ಸಿಗಲೇ ಇಲ್ಲ. ಇಂಥ ಪೆನ್ನಿಗೆ ಪತ್ರ ಮತ್ತು ಪೆಟ್ಟಿಗೆ ಎರಡೂ ಇಲ್ಲದಿದ್ದರೆ ನಾನು ಬೆಲೆಯಲ್ಲಿ ಕಾಲು ಭಾಗದವರೆಗೆ ಕಳೆಯುತ್ತೇನೆ. ಸಂಖ್ಯೆ ಹೊಂದುವ ಪತ್ರವಿದ್ದು ಪೆಟ್ಟಿಗೆಯಷ್ಟೇ ಇಲ್ಲದಿದ್ದರೆ ನೂರಕ್ಕೆ ಹತ್ತು ಸಾಕು. ಹೆಸರು ಕೆತ್ತಿಸಿದ್ದರೆ ಇನ್ನೂ ಇಳಿಸಬೇಕಾಗುತ್ತದೆ, ಯಜಮಾನರು ಕೆತ್ತಿಸಿರಲಿಲ್ಲ.

ಎರಡು ಲಕ್ಷದ ಮಾತಿಗೆ ಉತ್ತರ ಕೊಡಲು ನನಗೆ ಒಂದು ವಾರ ಹಿಡಿಯಿತು. ಯಾರು ಎಷ್ಟು ಬೇಕಾದರೂ ಕೇಳಬಹುದು. ಕೇಳಿದ ಬೆಲೆಯಲ್ಲಿ ವರ್ಷಗಟ್ಟಲೆ ಮಾರಾಟವಾಗದೆ ಕುಳಿತ ಪೆನ್ನುಗಳೇ ಕಣ್ಣಿಗೆ ಹೆಚ್ಚು ಬೀಳುತ್ತವೆ, ಏಕೆಂದರೆ ಸರಿಯಾದ ಬೆಲೆಯವು ಬೇಗ ಮಾರಿಹೋಗುತ್ತವೆ. ಆದ್ದರಿಂದ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟ ಮುಗಿದವನ್ನು ಮಾತ್ರ ತೆರೆದು ನೋಡಿದೆ. ಅಲ್ಲೂ ಎಚ್ಚರ ಬೇಕು. ಚೌಕಾಸಿ ಒಪ್ಪಿಕೊಂಡು ಕೊಟ್ಟ ಕಡೆ ಕೇಳಿದ ಬೆಲೆಯ ಮೇಲೆ ಗೆರೆ ಎಳೆದಿರುತ್ತದೆ. ನಿಜವಾಗಿ ಕೈ ಬದಲಾದ ಹಣ ಅದಕ್ಕಿಂತ ಕಡಿಮೆ. ಹರಾಜಿನ ದಾಖಲೆಗಳಲ್ಲಿ ಇನ್ನೊಂದು ತೊಡಕಿದೆ. ಸುತ್ತಿಗೆ ಬಿದ್ದ ಬೆಲೆ ಒಂದು, ಅದರ ಮೇಲೆ ಹರಾಜು ಸಂಸ್ಥೆಯ ಶುಲ್ಕ ಸೇರಿ ಕೊಂಡವನು ತೆತ್ತದ್ದು ಇನ್ನೊಂದು, ದಲ್ಲಾಳಿ ಕಳೆದು ಮಾರಿದವನಿಗೆ ಸಿಕ್ಕಿದ್ದು ಮತ್ತೊಂದು. ದಾವಣಗೆರೆಯ ಹತ್ತಿ ಮಂಡಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಅಣ್ಣ ತಾವಾಗಿಯೇ “ಹಂಗಾದ್ರೆ ನಾವು ನೋಡಬೇಕಾದದ್ದು ರೈತನ ಕೈಗೆ ಬಂದ ದುಡ್ಡು” ಎಂದರು.

ಎರಡು ವರ್ಷಗಳ ಒಳಗಿನ ಹನ್ನೊಂದು ಮಾರಾಟಗಳು ಸಿಕ್ಕವು. ಒಮ್ಮೆಯೂ ಶಾಯಿ ಕಾಣದ, ಪೆಟ್ಟಿಗೆ ಸಮೇತವಿದ್ದ ಎರಡನ್ನೂ ನಿಬ್ಬು ಬದಲಾದ ಒಂದನ್ನೂ ಬದಿಗಿಟ್ಟೆ. ಉಳಿದ ಎಂಟರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಆರನ್ನು ಒಂದೊಂದಾಗಿ ನಮ್ಮ ಪೆನ್ನಿನೊಂದಿಗೆ ಹೋಲಿಸಿದೆ. ಸರಾಸರಿ ತೆಗೆದು ಮುಗಿಸುವ ಪದ್ಧತಿ ನನ್ನದಲ್ಲ. ಒಂದರ ಚಿತ್ರದಲ್ಲಿ ಕಲೆ ಕಂಡರೆ ಅದರ ಬೆಲೆಗೆ ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ಅದು ನಮ್ಮ ಪೆನ್ನಿಗೆ ಹತ್ತಿರದ್ದು. ಹೊರದೇಶದಿಂದ ತರಿಸುವವರು ಸುಂಕ, ತೆರಿಗೆ, ಸಾಗಣೆ ಖರ್ಚು ಕೊಡಬೇಕಾಗುವುದರಿಂದ ಇಲ್ಲಿಯೇ ಇರುವ ಪೆನ್ನಿಗೆ ಸ್ವಲ್ಪ ಅನುಕೂಲವಿದೆ. ಆದರೆ ಇಲ್ಲಿ ಕೊಳ್ಳುವವರು ಕಡಿಮೆ, ಕಾಯಬೇಕಾದ ದಿನಗಳು ಹೆಚ್ಚು. ಒಂದನ್ನೊಂದು ಸರಿದೂಗಿಸುತ್ತವೆ ಎಂದು ಎರಡನ್ನೂ ಬಿಟ್ಟೆ.

ಕೊನೆಗೆ ಎರಡು ಪುಟದ ಟಿಪ್ಪಣಿ ಬರೆದೆ. ಮೊದಲ ಪುಟದಲ್ಲಿ ಪೆನ್ನಿನ ಗುರುತು, ಸಂಖ್ಯೆ, ಒಳಗಿನ ಕಲೆ, ಓರೆಯಾದ ನಿಬ್ಬಿನ ತುದಿ, ಸವೆದ ಕ್ಲಿಪ್ಪು, ಸಿಕ್ಕ ಪತ್ರ, ಸಿಗದ ಪೆಟ್ಟಿಗೆ. ಎರಡನೆಯದರಲ್ಲಿ ಆರು ಮಾರಾಟಗಳ ದಿನಾಂಕ ಮತ್ತು ಮೊತ್ತ, ಪ್ರತಿಯೊಂದರ ಎದುರು ನಾನು ಕೂಡಿಸಿದ್ದು, ಕಳೆದದ್ದು. ಬೆಲೆಯನ್ನು ಒಂದೇ ಅಂಕಿಯಲ್ಲಿ ಹೇಳದೆ 42 ಸಾವಿರದಿಂದ 48 ಸಾವಿರದವರೆಗೆ ಎಂದು ಬರೆದು, ಮೂರು ತಿಂಗಳೊಳಗೆ ಮಾರಬೇಕೆಂದರೆ ಕೆಳಗಿನ ಅಂಕಿಯನ್ನೇ ನಂಬಬೇಕೆಂದು ಸೇರಿಸಿದೆ. ಅಣ್ಣ ಪೂರ್ತಿ ಓದಿದರು. ಕಲೆಗೆ ಎಷ್ಟು ಕಳೆದಿದ್ದೀರಿ ಎಂದು ಒಂದೇ ಪ್ರಶ್ನೆ ಕೇಳಿ, 45 ಸಾವಿರಕ್ಕೆ ಒಪ್ಪಿದರು.

ತಂಗಿ ಪೆನ್ನನ್ನು ಬಟ್ಟೆಯಲ್ಲಿ ಸುತ್ತುತ್ತಾ, ಇದರಲ್ಲಿ ತಾವು ಬರೆಯಬಹುದೇ, ಬೆಲೆ ಇಳಿಯುವುದಿಲ್ಲವೇ ಎಂದು ಕೇಳಿದರು. ಈಗಾಗಲೇ ಬರೆದ ಪೆನ್ನಾದ್ದರಿಂದ ಜೋಪಾನವಾಗಿ ಬರೆದರೆ ಹೆಚ್ಚೇನೂ ಇಳಿಯದೆಂದೂ, ತೊಳೆದರೆ ಹೋಗುವ ನೀಲಿ ಶಾಯಿಯನ್ನಷ್ಟೇ ತುಂಬಬೇಕೆಂದೂ, ಚಿತ್ರ ಬರೆಯುವವರ ಇಂಡಿಯನ್ ಇಂಕನ್ನು ಹತ್ತಿರಕ್ಕೂ ತರಬಾರದೆಂದೂ, ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ಪಿಸ್ಟನ್ ಆಡಿಸಿ ನೀರು ತಿಳಿಯಾಗುವವರೆಗೆ ತೊಳೆಯಬೇಕೆಂದೂ ಹೇಳಿದೆ. ನಿಬ್ಬು ಅವರ ಕೈಗೆ ಕೆರೆಯುತ್ತಿತ್ತು. ಅದನ್ನು ಉಜ್ಜಿ ನುಣುಪು ಮಾಡಿಕೊಡಲೇ ಎಂದು ಕೇಳಿದೆ. “ಬ್ಯಾಡ ಸರ್, ಅಪ್ಪಾಜಿ ಹಿಡೀತಿದ್ದ ಹಂಗೆ ಹಿಡಿದು ನೋಡ್ತೀನಿ” ಎಂದು ಅವರು ಪೆನ್ನನ್ನು ತುಸು ಎಡಕ್ಕೆ ವಾಲಿಸಿ ನನ್ನ ಟಿಪ್ಪಣಿಯ ಹಿಂಬದಿಯಲ್ಲಿ ತಂದೆಯ ಹೆಸರು ಬರೆದರು. ಆ ಓರೆಯಲ್ಲಿ ನಿಬ್ಬು ಸದ್ದಿಲ್ಲದೆ ಓಡಿತು.