ಮೊದಲ ಸಲ ವಿಬಿಎಸ್ (ಮಕ್ಕಳ ರಜೆಯ ಬೈಬಲ್ ಶಾಲೆ) ಮಾಡುವ ಚಿಕ್ಕ ಕ್ರೈಸ್ತ ಸಭೆಗಳಿಗೆ

ವಿಜಯಪುರದ ಕಡೆ ಈ ಬೇಸಿಗೆ ವಿಬಿಎಸ್ ಮಾಡುವವರು ರೆಡಿಮೇಡ್ ಕಿಟ್‌ಗೆ ದುಡ್ಡು ಹಾಕಬೇಡಿ. ಐದು ದಿನಕ್ಕೂ ಒಂದೇ ಕಥೆ ಸಾಕು: ಬೈಬಲ್‌ನ ಮತ್ತಾಯ 13ರಲ್ಲಿ ಯೇಸು ಹೇಳಿದ ಬಿತ್ತುವವನ ಸಾಮ್ಯ (ಕಲ್ಲು ನೆಲಕ್ಕೆ ಬಿದ್ದ ಬೀಜ ಮೊಳೆತರೂ ಬಾಡುತ್ತದೆ, ಒಳ್ಳೆ ನೆಲದ್ದು ಫಲ ಕೊಡುತ್ತದೆ). ಬಿತ್ತನೆ ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದೇ, ಅಲ್ವಾ?

ಮೊದಲ ದಿನವೇ ಜೋಳ ಬಿತ್ತಿಸಿ. ಒಂದು ಪೇಪರ್ ಕಪ್‌ನಲ್ಲಿ ತುಂಬಾ ಎರೆ ಮಣ್ಣು, ಇನ್ನೊಂದರಲ್ಲಿ ಕಲ್ಲಿನ ಮೇಲೆ ತೆಳ್ಳಗೆ ಮಣ್ಣು. ತಳಕ್ಕೆ ತೂತು ಮಾಡಿ, ಮೇಲೆ ಮಗುವಿನ ಹೆಸರು ಬರೆಯಿರಿ. ತೇವ ಆರದಿದ್ದರೆ ನಾಲ್ಕೈದು ದಿನದಲ್ಲಿ ಮೊಳಕೆ ಕಾಣುತ್ತದೆ. ಆಮೇಲೆ ನೀರು ಕಡಿಮೆ ಮಾಡಿ, ಕಲ್ಲಿನ ಕಪ್ ಮೊದಲು ಬಾಡುವುದನ್ನು ಮಕ್ಕಳೇ ನೋಡಲಿ.

ಚಿತ್ರ ಬಿಡಿಸಲು ಹಳೇ ಲಗ್ನಪತ್ರಿಕೆಗಳ ಹಿಂಬದಿ ಸಾಕು. ಚುರುಮುರಿ, ಮಜ್ಜಿಗೆ ದಿನಕ್ಕೊಂದು ಮನೆಯವರು ತರಲಿ. ಬಿಸಿಲು ಜಾಸ್ತಿ, ಹತ್ತಕ್ಕೆಲ್ಲ ಮುಗಿಸಿ. ಹೆತ್ತವರ ಒಪ್ಪಿಗೆ, ಫೋನ್ ನಂಬರ್ ಮಾತ್ರ ಮೊದಲೇ ಬರೆಸಿಕೊಳ್ಳಿ.