ಇಪ್ಪತ್ತು ರೂಪಾಯಿಯ ಟೊಪ್ಪಿಗೆ

ನಾನು ಧಾರವಾಡದವನು. ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಉಳಿದ ಹೊತ್ತು ಡ್ರೋನ್ ಸಂಶೋಧನೆ. ಊರಿಗೆ ಹೋದಾಗಲೆಲ್ಲ ಸೋದರಮಾವನದು ಒಂದೇ ಪ್ರಶ್ನೆ: "ಅದರಾಗ ಸಂಶೋಧನೆ ಏನದಪಾ? ಮದುವ್ಯಾಗ ಫೋಟೋದವ್ರೂ ಹಾರಸ್ತಾರಲ್ಲ!" ಹಾರಿಸೋದು ದೊಡ್ಡದಲ್ಲ ಮಾಮಾ, ಒಂದೇ ಎತ್ತರದಲ್ಲಿ ಅಲುಗಾಡದೆ ನಿಲ್ಲಿಸೋದು ಕಷ್ಟ. ನನ್ನ ಹತ್ತು ವರ್ಷಕ್ಕೂ ಜಾಸ್ತಿ ಹೋಗಿದ್ದು ಅದರಲ್ಲೇ.

2013ರಲ್ಲಿ ಮಕ್ಕಳ ಪ್ರಾಜೆಕ್ಟಿಗೆ ಅಂತ ಶುರುವಾಗಿದ್ದು. ನಾಲ್ಕು ಮೋಟಾರು, ಅಲ್ಯುಮಿನಿಯಂ ಪೈಪು, ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಹುಡುಕಿ ತಂದ ವೈರು, ಕನೆಕ್ಟರು. ಕೈ ಕುದುರುವಷ್ಟರಲ್ಲಿ 2014ರ ಅಕ್ಟೋಬರ್ ಬಂತು. ನಿಯಮ ರೂಪಿಸುವ ತನಕ ಖಾಸಗಿಯವರು ಡ್ರೋನ್ ಹಾರಿಸುವಂತಿಲ್ಲ ಎಂದು ವಿಮಾನಯಾನದ ಮೇಲೆ ನಿಗಾ ಇಡುವ ಕೇಂದ್ರದ ಸಂಸ್ಥೆ ಡಿಜಿಸಿಎ ಪ್ರಕಟಣೆ ಹೊರಡಿಸಿತು. ನಾವು ಗಂಟುಮೂಟೆ ಕಟ್ಟಿಕೊಂಡು ಬ್ಯಾಡ್ಮಿಂಟನ್ ಹಾಲಿನೊಳಗೆ ಹೋದೆವು.

ತಗಡಿನ ಛಾವಣಿ ಕೆಳಗೆ ಜಿಪಿಎಸ್ ಸಿಗುವುದಿಲ್ಲ. ಹಾಗಾಗಿ ಡ್ರೋನಿನ ಹೊಟ್ಟೆಗೆ ಕ್ಯಾಮೆರಾ ಕಟ್ಟಿದೆವು. ನೆಲ ಯಾವ ಕಡೆ ಸರಿಯುತ್ತಿದೆ ಎಂದು ನೋಡಿ, ತಾನು ಎತ್ತ ಜಾರುತ್ತಿದ್ದೇನೆ ಎಂದು ಅದು ಲೆಕ್ಕ ಹಾಕಬೇಕು. ಆದರೆ ಆ ಹಾಲಿನ ನೆಲ ನುಣುಪು, ಎಲ್ಲ ಕಡೆ ಒಂದೇ ಥರ. ಕ್ಯಾಮೆರಾಕ್ಕೆ ಗುರುತು ಹಿಡಿಯಲು ಏನೂ ಇಲ್ಲ. ಕೊನೆಗೆ ಹಾಸ್ಟೆಲ್ ಹುಡುಗರ ಸೊಲ್ಲಾಪುರ ಚಾದರಗಳನ್ನೆಲ್ಲ ತಂದು ಹಾಸಿದೆವು. ಆ ಅಂಚು, ಆ ಚಿತ್ತಾರ! ಡ್ರೋನ್ ಗಪ್ಪನೆ ನಿಂತಿತು. ನನ್ನ ಮೊದಲ ಒಳ್ಳೆಯ ಪೇಪರಿನ ಫೋಟೋದಲ್ಲಿ ಆ ಚಾದರಗಳಿವೆ. ಹೊರಗೆ ಬಿಟ್ಟಿದ್ದರೆ ನಾವು ಜಿಪಿಎಸ್ ಇಲ್ಲದೆ ಹಾರಿಸುವ ಗೋಜಿಗೆ ಹೋಗುತ್ತಿದ್ದೆವೋ ಇಲ್ಲವೋ.

2018ರ ಡಿಸೆಂಬರಿನಲ್ಲಿ ನಿಯಮ ಜಾರಿಗೆ ಬಂತು, ಕಾಗದಪತ್ರ ಮಾತ್ರ ವಿಪರೀತ. 2021ರ ಆಗಸ್ಟಿನ ಡ್ರೋನ್ ನಿಯಮಗಳಿಂದ ಉಸಿರಾಡುವಂತಾಯಿತು. ಹಸಿರು ವಲಯದಲ್ಲಿ, ಅಂದರೆ ಸರ್ಕಾರದ ಮ್ಯಾಪಿನಲ್ಲಿ ಮುಂಗಡ ಅನುಮತಿ ಬೇಡವೆಂದು ಗುರುತಿಸಿದ ಜಾಗದಲ್ಲಿ, ತಮ್ಮದೇ ಆವರಣದೊಳಗೆ ಸಂಶೋಧನೆಗೆ ಹಾರಿಸುವ ಕಾಲೇಜಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಲೋಹಗಾಂವ್ ನಿಲ್ದಾಣ ವಾಯುಪಡೆಯದಾದ್ದರಿಂದ ಪುಣೆಯಲ್ಲಿ ಮೊದಲು ಆ ಮ್ಯಾಪ್ ನೋಡಿಯೇ ಬ್ಯಾಟರಿ ಹಾಕಬೇಕು, ಅಷ್ಟೆ.

ಬಯಲಿಗೆ ಬಂದೆವಲ್ಲ, ಹೊಸ ತಲೆನೋವು ಶುರು. ಹೊರಗೆ ಎತ್ತರ ಅಳೆಯಲು ನಾವು ನೆಚ್ಚಿದ್ದು ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಚಿಪ್ಪನ್ನು. ಒಟ್ಟು ಒತ್ತಡ ಒಂದು ಲಕ್ಷ ಪಾಸ್ಕಲ್ ಹತ್ತಿರ. ಒಂದು ಮೀಟರ್ ಮೇಲೇರಿದರೆ ಇಳಿಯುವುದು ಬರೀ 12 ಪಾಸ್ಕಲ್ ಆಸುಪಾಸು. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ನೇರ ಬಡಿದರೆ ಅದೊಂದೇ 15 ಪಾಸ್ಕಲ್ ಆಗುತ್ತದೆ. ಪುಣೆಯ ಮೇ ತಿಂಗಳ ಸಂಜೆ ಗಾಳಿ ಗೊತ್ತಲ್ಲ, ಡ್ರೋನಿಗೆ ತಾನು ಮೇಲಿದ್ದೇನೋ ಕೆಳಗಿದ್ದೇನೋ ತಿಳಿಯದಂತಾಗಿತ್ತು.

ಆದರೆ ಗಾಳಿ ಇಲ್ಲದ ಬೆಳಗಿನಲ್ಲೂ ಅದೇ ಕಥೆ. ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು, ಇಲ್ಲವೇ ಮೇಲಕ್ಕೆ ಜಿಗಿಯುತ್ತಿತ್ತು. ನಾನು ಫಿಲ್ಟರಿನ, ಅಂದರೆ ಸೆನ್ಸರಿನ ಅಂಕಿಗಳಿಂದ ಗದ್ದಲ ಸೋಸುವ ಕೋಡಿನ, ಗಣಿತ ತಪ್ಪಿದೆ ಎಂದುಕೊಂಡು ಎರಡು ತಿಂಗಳು ಸಮೀಕರಣ ತಿದ್ದಿದೆ. ಮೂರು ಪ್ರೊಪೆಲ್ಲರ್ ಮುರಿದವು. ಜತ್ತದ ಕಡೆಯ ಒಬ್ಬ ಎಂ.ಟೆಕ್ ಹುಡುಗ ಇದ್ದ, ಮನೆಮಾತು ಕನ್ನಡ. ಲ್ಯಾಬಿನಲ್ಲಿ ನಾವಿಬ್ಬರೇ ಕನ್ನಡದಲ್ಲಿ ಬೈದಾಡಿಕೊಳ್ಳುತ್ತಿದ್ದವರು. ಒಂದು ದಿನ ಅವನು ಮೆಲ್ಲಗೆ ಅಂದ: "ಸರ್, ಮೋಡ ಬಂದ್ರ ಇದು ಸುಮ್ನ ನಿಂದರ್ತದ ನೋಡ್ರಿ. ಬಿಸಲಾಗ ತಿರುಗಿದ್ರ ಅಷ್ಟ ಕುಣಿತದ."

ನಾನು ನಕ್ಕೆ. ಅವನು ಡ್ರೋನನ್ನು ಮೇಜಿನ ಮೇಲಿಟ್ಟು ಕಿಟಕಿ ತೆರೆದ. ಬಿಸಿಲು ಬಿತ್ತು, ಸ್ಕ್ರೀನಿನಲ್ಲಿ ಎತ್ತರದ ಅಂಕಿ ಮೀಟರುಗಟ್ಟಲೆ ಜಿಗಿಯಿತು. ಅಂಗೈ ಅಡ್ಡ ಹಿಡಿದ, ಅಂಕಿ ವಾಪಸ್ ಬಂತು. ಮೇಜು ಅಲ್ಲೇ ಇತ್ತು! ಆ ಚಿಪ್ಪಿನ ತಲೆಯ ಮೇಲೆ ಗಾಳಿಗೆಂದು ಸಣ್ಣ ತೂತಿರುತ್ತದೆ. ಒಳಗಿನ ಸಿಲಿಕಾನಿಗೆ ಬೆಳಕು ಬಿದ್ದರೆ ಅಳತೆ ಕೆಡುತ್ತದೆ. ನಾವೋ, ಚಂದ ಕಾಣಲಿ ಅಂತ ಅದಕ್ಕೆ ತೆಳ್ಳನೆಯ ಬಿಳಿ ಪ್ಲಾಸ್ಟಿಕ್ ಮುಚ್ಚಳ ಪ್ರಿಂಟ್ ಮಾಡಿ ಹಾಕಿದ್ದೆವು. ಬೆಳಕು ಅದರೊಳಗಿಂದ ಆರಾಮಾಗಿ ದಾಟುತ್ತಿತ್ತು.

ಆ ಸಂಜೆಯೇ ತಾಪಕೀರ್ ಗಲ್ಲಿಗೆ ಹೋಗಿ ಮೈಕಿಗೆ ಹಾಕುವ ಕಪ್ಪು ಸ್ಪಂಜಿನ ಟೊಪ್ಪಿಗೆ ತಂದೆವು. ಇಪ್ಪತ್ತು ರೂಪಾಯಿ. ಉಗುರಿನಷ್ಟು ಕತ್ತರಿಸಿ ಚಿಪ್ಪಿನ ಮೇಲಿಟ್ಟೆವು. ಒತ್ತಡ ದಾಟುತ್ತದೆ, ಬೆಳಕು ದಾಟುವುದಿಲ್ಲ, ಪ್ರೊಪೆಲ್ಲರಿನ ಗಾಳಿಯ ಹೊಡೆತವೂ ತಗ್ಗುತ್ತದೆ. ಮರುದಿನ ಬಟಾಬಯಲು ಬಿಸಿಲಲ್ಲಿ ನಿಂತಲ್ಲೇ ಸುತ್ತು ಹಾಕಿಸಿದೆವು, ಡ್ರೋನ್ ಜಗ್ಗಲಿಲ್ಲ. ಅಂದಿನಿಂದ ನನ್ನ ಲ್ಯಾಬಿನ ನಿಯಮ ಒಂದೇ: ಕೋಡ್ ಮುಟ್ಟುವ ಮೊದಲು ಯಂತ್ರವನ್ನು ಮೇಜಿನ ಮೇಲಿಟ್ಟು ಅರ್ಧ ಗಂಟೆ ಸುಮ್ನೆ ನೋಡಬೇಕು.

ಎರಡು ತಿಂಗಳು ತಿದ್ದಿದ ಸಮೀಕರಣ ಕಸದ ಬುಟ್ಟಿಗೆ ಹೋಯಿತು. ಬಿಲ್ ಕಳಿಸಿದ ಮೇಲೆ ಅಕೌಂಟ್ಸಿನವರಿಂದ ಪತ್ರ ಬಂತು: ಡ್ರೋನ್ ಪ್ರಾಜೆಕ್ಟಿನಲ್ಲಿ ಮೈಕ್ ಯಾಕೆ? ಅದಕ್ಕೆ ಒಂದೂವರೆ ಪುಟ ಉತ್ತರ ಬರೆದೆ. ಆ ಸಂಶೋಧನೆಯನ್ನು ನಾನು ಅಷ್ಟು ಚೆನ್ನಾಗಿ ಇನ್ನೆಲ್ಲೂ ವಿವರಿಸಿಲ್ಲ.